ಸ್ಯಾಕ್ಸೋಫೋನ್ ಊರಿನದಾದ ಬಗೆ

ಕಾರ್ಕಳದ ದೇವಸ್ಥಾನದ ರಥೋತ್ಸವವಿರಲಿ, ಕಾಪುವಿನ ಮದುವೆ ಮಂಟಪವಿರಲಿ, ಉಡುಪಿ ಸುತ್ತಲಿನ ಹಳ್ಳಿಯ ದೈವದ ನೇಮವಿರಲಿ, ಡೋಲು ತಾಸೆಗಳ ಜೊತೆಗೆ ಇಂದು ಮೊದಲು ಕಿವಿಗೆ ಬೀಳುವುದು ಸ್ಯಾಕ್ಸೋಫೋನಿನ ದನಿ. ಪಂಚೆಯುಟ್ಟು, ಶಲ್ಯ ಹೊದ್ದು ಪಲ್ಲಕ್ಕಿಯ ಮುಂದೆ ನಿಂತ ವಾದಕರು ಈ ಹಿತ್ತಾಳೆಯ ವಾದ್ಯವನ್ನು ಊದುವಾಗ ಅದು ಯುರೋಪಿನದೆಂಬ ನೆನಪು ಯಾರಿಗೂ ಬರುವುದಿಲ್ಲ. ಕರಾವಳಿಯ ಅನೇಕ ಕಡೆ ಅದು ಮಂಗಳವಾದ್ಯವೇ ಆಗಿಬಿಟ್ಟಿದೆ. ಇದೇ ವಾದ್ಯ ಅಮೆರಿಕದಲ್ಲಿ ಜಾಝ್ ಸಂಗೀತದ ಗುರುತು; ಫ್ರಾನ್ಸಿನಲ್ಲಿ ಸೇನಾ ಬ್ಯಾಂಡಿನ ಭಾಗ. ಒಂದೇ ವಾದ್ಯ ಮೂರು ನೆಲಗಳಲ್ಲಿ ಮೂರು ಕೆಲಸಗಳನ್ನು ಹಿಡಿದಿದೆ.

ಸಂಗೀತ ಪ್ರಕಾರಗಳು ಜಗತ್ತನ್ನು ಸುತ್ತುವುದು, ಹೋದಲ್ಲಿ ಸ್ಥಳೀಯ ಶೈಲಿಯೊಂದಿಗೆ ಬೆರೆಯುವುದು ಹೊಸ ಸಂಗತಿಯಲ್ಲ. ಆದರೆ ಈಗ ಅದರ ವೇಗ ಬದಲಾಗಿದೆ, ದಾರಿಯೂ ಬದಲಾಗಿದೆ. ಹಿಂದೆ ವಾದ್ಯವೊಂದು ಊರಿಗೆ ಬಂದು ನೆಲೆಯೂರಲು ಎರಡು ಮೂರು ತಲೆಮಾರು ಹಿಡಿಯುತ್ತಿತ್ತು. ಇಂದು ಹಾಡೊಂದು ಒಂದೇ ವಾರದಲ್ಲಿ ಎಲ್ಲರ ಕೈಯ ಮೊಬೈಲಿಗೆ ಇಳಿಯುತ್ತದೆ. ಇದನ್ನು ಬೆಳವಣಿಗೆ ಎನ್ನುವವರಿದ್ದಾರೆ, ಅಳಿವು ಎನ್ನುವವರೂ ಇದ್ದಾರೆ. ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತೂಗಿ ನೋಡಲು ಉಡುಪಿ, ಮಣಿಪಾಲ, ಕಾಪು, ಕಾರ್ಕಳಗಳ ಈ ಪುಟ್ಟ ಪ್ರದೇಶ ಒಳ್ಳೆಯ ನೆಲ. ಹರಿದಾಸರ ಪದ, ತುಳುವಿನ ಕಥನಗೀತೆಗಳಾದ ಪಾಡ್ದನ, ಯಕ್ಷಗಾನ, ಇಗರ್ಜಿಯ ಗಾಯನ, ದಫ್, ವಿದ್ಯಾರ್ಥಿಗಳ ರಾಕ್ ಬ್ಯಾಂಡ್ ಎಲ್ಲವೂ ಇಲ್ಲಿ ಕೆಲವೇ ಮೈಲಿಗಳ ಅಂತರದಲ್ಲಿ ಬದುಕಿವೆ.

ಪ್ಯಾರಿಸ್‌ನಿಂದ ಪಲ್ಲಕ್ಕಿಯವರೆಗೆ

ಬೆಲ್ಜಿಯಂ ಮೂಲದ ಅಡಾಲ್ಫ್ ಸ್ಯಾಕ್ಸ್ ತಾನು ರೂಪಿಸಿದ ವಾದ್ಯಕ್ಕೆ 1846ರಲ್ಲಿ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದ. ಹಿತ್ತಾಳೆಯ ಮೈ, ಜೊಂಡಿನ ಜಾತಿಯ ಗಿಡದಿಂದ ಸೀಳಿ ತೆಗೆದ ಒಂಟಿ ರೀಡು, ಬೆರಳಿಗೆ ಸಿಗುವ ಕೀಲಿಗಳು. ಬಯಲಿನಲ್ಲಿ ದೂರದವರೆಗೆ ಕೇಳಿಸುವ ದನಿ. ಸೇನಾ ಬ್ಯಾಂಡುಗಳು ಅದನ್ನು ಬೇಗ ಒಪ್ಪಿಕೊಂಡವು. ಭಾರತಕ್ಕೂ ಅದು ಬ್ಯಾಂಡುಗಳ ಮೂಲಕವೇ ಬಂತು. ಮೈಸೂರು ಅರಮನೆಯಲ್ಲಿ ಪಾಶ್ಚಾತ್ಯ ವಾದ್ಯಗಳಿಗೂ ಕರ್ನಾಟಕ ಸಂಗೀತಕ್ಕೂ ಸಮಾನ ಆಶ್ರಯವಿತ್ತು. ಜಯಚಾಮರಾಜ ಒಡೆಯರ್ ಸ್ವತಃ ಕೃತಿಗಳನ್ನು ರಚಿಸಿದವರು, ಜೊತೆಗೆ ಯುರೋಪಿನ ಶಾಸ್ತ್ರೀಯ ಸಂಗೀತಕ್ಕೆ ಪೋಷಕರಾಗಿದ್ದವರು.

ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ 1949ರಲ್ಲಿ ನಾಗಸ್ವರ ವಾದಕರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್ ಸ್ಯಾಕ್ಸೋಫೋನನ್ನು ಮೊದಲು ಕೇಳಿದ್ದು ಈ ಅರಮನೆಯ ಬ್ಯಾಂಡಿನಲ್ಲಿ. ಅದರಲ್ಲಿ ಕರ್ನಾಟಕ ಸಂಗೀತ ನುಡಿಸಬೇಕೆಂಬ ಹಠ ಅವರಿಗೆ ಹಿಡಿಯಿತು. ಕೆಲಸ ಸುಲಭದ್ದಾಗಿರಲಿಲ್ಲ. ಕೀಲಿಯ ವಾದ್ಯದಲ್ಲಿ ಒಂದು ಸ್ವರ ಮುಗಿದ ಮೇಲೆ ಇನ್ನೊಂದು ಸ್ವರ. ನಮ್ಮ ರಾಗದ ಜೀವವಿರುವುದು ಎರಡು ಸ್ವರಗಳ ನಡುವಿನ ಎಳೆತದಲ್ಲಿ, ಗಮಕದಲ್ಲಿ. ವಾದ್ಯದಲ್ಲಿ ಬೇಕಾದ ಮಾರ್ಪಾಡು ಮಾಡಿಕೊಂಡು, ತುಟಿ ಮತ್ತು ಉಸಿರಿನ ಹಿಡಿತದಿಂದ ಅವರು ಆ ಎಳೆತವನ್ನು ಸಾಧಿಸಿದರು. 1980ರ ಮುಂಬಯಿ ಜಾಝ್ ಉತ್ಸವದಲ್ಲಿ ಅಮೆರಿಕದ ಜಾಝ್ ವಾದಕ ಜಾನ್ ಹ್ಯಾಂಡಿಯ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯ ಪ್ರಾಮ್ಸ್ ಉತ್ಸವಕ್ಕೆ ಆಹ್ವಾನಿತರಾದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯಲ್ಲಿ ಸ್ಯಾಕ್ಸೋಫೋನ್ ಕಲಿಯುವವರ ಒಂದು ದೊಡ್ಡ ಪೀಳಿಗೆಯೇ ಎದ್ದು ನಿಂತಿತ್ತು. ಅವರಲ್ಲಿ ಹೆಣ್ಣುಮಕ್ಕಳೂ ಇದ್ದರು.

ಈ ಪಯಣ ಒಮ್ಮುಖವಾಗಿಯೂ ಉಳಿಯಲಿಲ್ಲ. ಅಮೆರಿಕದಲ್ಲಿ ಬೆಳೆದ, ಭಾರತೀಯ ಮೂಲದ ಜಾಝ್ ಸ್ಯಾಕ್ಸೋಫೋನ್ ವಾದಕ ರುದ್ರೇಶ್ ಮಹಂತಪ್ಪ, ಗೋಪಾಲನಾಥರ ಜೊತೆಗೂಡಿ 2008ರಲ್ಲಿ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆ ಹೊರತಂದರು. ಯುರೋಪಿನಲ್ಲಿ ಹುಟ್ಟಿ, ಅಮೆರಿಕದ ಕಪ್ಪು ಜನರ ಕೈಯಲ್ಲಿ ಜಾಝ್ ಆಗಿ ಅರಳಿದ ದನಿ, ಕರಾವಳಿಯ ನಾಗಸ್ವರದ ಮನೆತನದಲ್ಲಿ ಪಳಗಿದ ದನಿಯನ್ನು ಅಲ್ಲಿ ಎದುರುಗೊಂಡಿತು. ಇಂಥ ಮರುಪಯಣಕ್ಕೆ ಜಗತ್ತಿನಲ್ಲಿ ಹಲವು ನಿದರ್ಶನಗಳಿವೆ. ಗುಲಾಮರಾಗಿ ಕ್ಯೂಬಾಕ್ಕೆ ಒಯ್ಯಲ್ಪಟ್ಟ ಆಫ್ರಿಕನ್ನರ ಲಯಗಳು ಕಳೆದ ಶತಮಾನದ ಮೊದಲರ್ಧದಲ್ಲಿ ಗ್ರಾಮಫೋನ್ ತಟ್ಟೆಗಳಲ್ಲಿ ಆಫ್ರಿಕಕ್ಕೆ ಮರಳಿದವು, ಕಾಂಗೋ ನದಿಯ ದಡದಲ್ಲಿ ಗಿಟಾರಿನೊಂದಿಗೆ ಸೇರಿ ಕಾಂಗೋಲೀಸ್ ರುಂಬಾ ಆದವು. 2021ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಹಿಂದೆಯೇ ತೆರೆದಿದ್ದ ಬಾಗಿಲು

ಸ್ಯಾಕ್ಸೋಫೋನಿಗೆ ಬಾಗಿಲು ತೆರೆದದ್ದು ಅದಕ್ಕಿಂತ ಮೊದಲು ಬಂದ ವಾದ್ಯಗಳು. ಇಂದು ಕರ್ನಾಟಕ ಸಂಗೀತ ಕಛೇರಿಯಲ್ಲಿ ಪಿಟೀಲು ಇಲ್ಲದ ವೇದಿಕೆಯನ್ನು ಊಹಿಸುವುದು ಕಷ್ಟ. ಅದನ್ನು ಮದರಾಸಿನ ಯುರೋಪಿಯನ್ ಸಂಗೀತಗಾರರಿಂದ ಕಲಿತು ನಮ್ಮ ಪದ್ಧತಿಗೆ ಒಗ್ಗಿಸಿದವರಲ್ಲಿ ಮೊದಲಿಗರು ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು. ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನಲ್ಲಿ ರೂಪುಗೊಂಡದ್ದು. ನೆಲದ ಮೇಲೆ ಕುಳಿತು ಒಂದು ಕೈಯಲ್ಲಿ ತಿದಿಯೊತ್ತಿ ನುಡಿಸುವ ಅದರ ರೂಪ ಸಿದ್ಧವಾದದ್ದು ಕೋಲ್ಕತ್ತದಲ್ಲಿ. ಗಮಕಕ್ಕೆ ಒದಗದ ವಾದ್ಯವೆಂದು ಆಕಾಶವಾಣಿ 1940ರಿಂದ ಸುಮಾರು ಮೂರು ದಶಕ ಅದನ್ನು ದೂರವಿಟ್ಟಿತು. ಆ ಅವಧಿಯಲ್ಲೂ ಊರೂರ ಭಜನಾ ಮಂಡಳಿಗಳು ಅದನ್ನು ಕೈಬಿಡಲಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಪುಂಗಿಯ ಶ್ರುತಿಯ ಜಾಗಕ್ಕೂ ಅದೇ ಬಂತು. ನಿಷೇಧ ಸೋತಿತು, ಬಳಕೆ ಗೆದ್ದಿತು.

ಉಡುಪಿಯ ಭಕ್ತಿಪರಂಪರೆಯೂ ಬೆರಕೆಯ ಇತಿಹಾಸವೇ. ಮಧ್ವಾಚಾರ್ಯರ ನೆಲದಿಂದ ಹೊರಟ ಹರಿದಾಸ ಸಾಹಿತ್ಯ ಹಂಪಿ, ಪಂಢರಪುರ, ತಿರುಪತಿಗಳನ್ನು ಸುತ್ತಿ ಬಂದಿದೆ. ಕರ್ನಾಟಕ ಸಂಗೀತದ ಪ್ರಾಥಮಿಕ ಪಾಠಗಳನ್ನು ಕ್ರಮಗೊಳಿಸಿದವರೆಂದು ಪುರಂದರದಾಸರನ್ನು ಪರಂಪರೆ ಗೌರವಿಸುತ್ತದೆ. ಆದರೆ ಅವರ ಪದಗಳ ಮೂಲ ಮಟ್ಟುಗಳು ಬಹುಪಾಲು ನಮಗೆ ಉಳಿದಿಲ್ಲ. ಇಂದು ನಾವು ಕೇಳುವ ರಾಗಗಳಲ್ಲಿ ಹೆಚ್ಚಿನವು ನಂತರದ ಗಾಯಕರು ಜೋಡಿಸಿದವು. ಒಂದೇ ಪದವನ್ನು ಎಂ.ಎಸ್. ಸುಬ್ಬುಲಕ್ಷ್ಮಿಯವರ ದಾರಿಯಲ್ಲಿ ಕರ್ನಾಟಕ ಪದ್ಧತಿಗೂ, ಭೀಮಸೇನ ಜೋಶಿಯವರ ದಾಸವಾಣಿಯ ದಾರಿಯಲ್ಲಿ ಹಿಂದೂಸ್ತಾನಿ ಪದ್ಧತಿಗೂ ಹಾಡಬಹುದು. ಗೌಡ ಸಾರಸ್ವತರ ದೇವಸ್ಥಾನಗಳ ಭಜನಾ ಸಪ್ತಾಹದಲ್ಲಿ ಕನ್ನಡ ದಾಸರ ಪದದ ಬೆನ್ನಿಗೆ ಮರಾಠಿ ಅಭಂಗ ಬರುತ್ತದೆ. ಕೇಳುವ ಭಕ್ತರಿಗೆ ಭಾಷೆಯ ಗಡಿಯಾಗಲಿ ಪದ್ಧತಿಯ ಗಡಿಯಾಗಲಿ ಅಡ್ಡಬಂದಿಲ್ಲ.

ವಿಟ್ಲಪಿಂಡಿ ಉತ್ಸವದ ದಿನ ಉಡುಪಿಯ ಬೀದಿಗಳಲ್ಲಿ ಹುಲಿವೇಷಗಳನ್ನು ಕುಣಿಸುವ ತಾಸೆಯ ಕಥೆಯೂ ಇಂಥದ್ದೇ. ಬೋಗುಣಿಯಾಕಾರದ ಮೈಗೆ ಚರ್ಮ ಬಿಗಿದು ಎರಡು ತೆಳು ಕಡ್ಡಿಗಳಲ್ಲಿ ಬಾರಿಸುವ ಈ ವಾದ್ಯದ ಬಳಗ ಪಶ್ಚಿಮ ಏಷ್ಯಾದಿಂದ ಭಾರತದವರೆಗೆ ಹರಡಿದೆ. 1845ರಿಂದ 1917ರವರೆಗೆ ಕಬ್ಬಿನ ತೋಟಗಳಿಗೆಂದು ಕೆರಿಬಿಯನ್ನಿನ ಟ್ರಿನಿಡಾಡ್‌ಗೆ ಕರೆದೊಯ್ಯಲ್ಪಟ್ಟ ಉತ್ತರ ಭಾರತದ ಕೂಲಿಕಾರರು ಅದನ್ನು ತಮ್ಮೊಂದಿಗೆ ಒಯ್ದರು. ಅಲ್ಲಿ ಇಂದಿಗೂ ಹಿಂದೂ ಮದುವೆಗಳಲ್ಲೂ ಮೊಹರಂ ಮೆರವಣಿಗೆಯಲ್ಲೂ ತಾಸೆ ಮೊಳಗುತ್ತದೆ. ಉಡುಪಿಯ ರಥಬೀದಿಗೂ ಟ್ರಿನಿಡಾಡಿನ ರಸ್ತೆಗೂ ನೇರ ಸಂಬಂಧವಿಲ್ಲ. ಒಂದೇ ವಾದ್ಯದ ಎರಡು ಕವಲುಗಳು ಮಾತ್ರ. ಆದರೆ ನಾವು 'ಅಪ್ಪಟ ನಮ್ಮದು' ಎಂದು ಎದೆತಟ್ಟಿ ಹೇಳುವ ದನಿಗಳಿಗೂ ಎಷ್ಟು ದೂರದ ನಂಟಸ್ತಿಕೆ ಇರಬಹುದೆಂಬುದಕ್ಕೆ ಇದು ಸಾಕ್ಷಿ.

ಇಗರ್ಜಿ, ಮಿಷನ್ ಮತ್ತು ಮರಳಿ ಬೇರಿನತ್ತ

ಗೋವೆಯಿಂದ ದಕ್ಷಿಣಕ್ಕೆ ಬಂದ ಕೊಂಕಣಿ ಕ್ರೈಸ್ತರು ಪೋರ್ಚುಗೀಸ್ ಪ್ರಭಾವದ ಇಗರ್ಜಿ ಸಂಗೀತವನ್ನು ತಂದರು. ಅದರ ಜೊತೆಗೇ ಗುಮಟೆ ವಾದ್ಯವನ್ನೂ, ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ ಹಾಡುವ 'ವೊವಿಯೊ' ಎಂಬ ಸಾಂಪ್ರದಾಯಿಕ ಪದಗಳನ್ನೂ ಉಳಿಸಿಕೊಂಡರು. ಕಾಪು ತಾಲ್ಲೂಕಿನ ಶಿರ್ವದಲ್ಲಿ, ಕಾರ್ಕಳದ ಅತ್ತೂರಿನಲ್ಲಿ ಇಗರ್ಜಿಯೊಳಗಿನ ಗಾಯನಕ್ಕೆ ಒಂದು ಪದ್ಧತಿ, ಮದುವೆ ಮನೆಯ ಅಂಗಳಕ್ಕೆ ಇನ್ನೊಂದು. ಜನವರಿಯಲ್ಲಿ ನಡೆಯುವ ಅತ್ತೂರಿನ ಸಂತ ಲಾರೆನ್ಸರ ಹಬ್ಬಕ್ಕೆ ಎಲ್ಲ ಮತದವರೂ ಬರುತ್ತಾರೆ. ಅಲ್ಲಿ ಹಾಡು ಕೇಳುವವರಲ್ಲಿ ಕೊಂಕಣಿ ಬಾರದವರೂ ಬಹಳ ಮಂದಿ. ಕರಾವಳಿಯ ಬ್ಯಾರಿ ಸಮುದಾಯದ ದಫ್ ಕುಣಿತ ಅರಬ್ಬೀ ಸಮುದ್ರದ ಇನ್ನೊಂದು ದಡದ ನೆನಪನ್ನು ಹೊತ್ತಿದೆ. ಬಾರಕೂರು, ಬಸರೂರುಗಳ ಹಳೆಯ ವ್ಯಾಪಾರದ ಚರಿತ್ರೆ ಬಲ್ಲವರಿಗೆ ಇದು ಅಚ್ಚರಿಯ ಸಂಗತಿಯಲ್ಲ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ ಜರ್ಮನ್ ಕೀರ್ತನೆಗಳ ಧಾಟಿಗೆ ಕನ್ನಡ ಮತ್ತು ತುಳು ಮಾತುಗಳನ್ನು ಹೊಂದಿಸಿತು. ನಾಲ್ಕು ದನಿಗಳು ಬೇರೆ ಬೇರೆ ಸ್ವರಗಳಲ್ಲಿ ಏಕಕಾಲಕ್ಕೆ ಸಾಗುವ ಗಾಯನ ಕ್ರಮ ತುಳುವಿಗೆ ದಕ್ಕಿದ್ದು ಹಾಗೆ. ಅದೇ ಮಿಷನ್ನಿನ ಫರ್ಡಿನಂಡ್ ಕಿಟೆಲ್ 1862ರಲ್ಲಿ ಪ್ರಕಟಿಸಿದ 'ಕಥಾಮಾಲೆ'ಯಲ್ಲಿ ಬೇರೆಯೇ ದಾರಿ ಹಿಡಿದು, ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿಗೆ ತಂದರು. ಒಂದೇ ಸಂಸ್ಥೆಯೊಳಗೆ ಎರಡು ಮಾರ್ಗಗಳಿದ್ದವು: ಹೊರಗಿನ ಧಾಟಿಗೆ ಒಳಗಿನ ಮಾತು ಅಥವಾ ಹೊರಗಿನ ಕಥೆಗೆ ಒಳಗಿನ ಧಾಟಿ. ಇಂದಿನ ಮಿಶ್ರ ಸಂಗೀತದ ಚರ್ಚೆಗಳೆಲ್ಲ ಈ ಎರಡು ಮಾರ್ಗಗಳ ನಡುವೆಯೇ ಓಡಾಡುತ್ತಿವೆ.

ಬೆರಕೆ ಒಂದು ಹಂತ ದಾಟಿದಾಗ ಸಮುದಾಯವೇ ಹಿಂದಿರುಗಿ ನೋಡುವುದೂ ಉಂಟು. ಕೊಂಕಣಿ ಹಾಡು ಪಾಶ್ಚಾತ್ಯ ಧಾಟಿಯಲ್ಲಿ ತನ್ನ ಚಹರೆಯನ್ನೇ ಕಳೆದುಕೊಳ್ಳುತ್ತಿದೆ ಎಂಬ ಆತಂಕದಿಂದ 1986ರಲ್ಲಿ ಮಂಗಳೂರಿನಲ್ಲಿ 'ಮಾಂಡ್ ಸೊಭಾಣ್' ಹುಟ್ಟಿಕೊಂಡಿತು. ಕೊಂಕಣಿಯನ್ನು ಕೊಂಕಣಿಯಂತೆಯೇ ಹಾಡಬೇಕು ಎಂಬುದು ಅದರ ನಿಲುವು. 2008ರ ಜನವರಿಯಲ್ಲಿ 40 ಗಂಟೆಗಳ ಕಾಲ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿಸಿ ಅದು ಗಿನ್ನೆಸ್ ದಾಖಲೆ ಬರೆಯಿತು. ಬೇರಿನತ್ತ ಮರಳುವ ಈ ಚಳವಳಿ ಗಿಟಾರನ್ನು ಹೊರಗೆ ಹಾಕಲಿಲ್ಲ. ಗುಮಟೆಯನ್ನು ವೇದಿಕೆಯ ನಡುವಿಗೆ ತಂದಿತು. ಶುದ್ಧತೆಯ ಹೆಸರಿನಲ್ಲಿ ಜಗಳವಾಡುವವರು ಗಮನಿಸಬೇಕಾದ ವಿವೇಕ ಇದು.

ಯಕ್ಷಗಾನದ ಒಳಗಿನ ವಾದ

ಬೆರಕೆಯ ವಾದ ಅತ್ಯಂತ ತೀವ್ರವಾಗಿ ನಡೆದಿರುವುದು ಯಕ್ಷಗಾನದಲ್ಲಿ. ತೆಂಕು, ಬಡಗು ಎಂಬ ತಿಟ್ಟುಗಳ ವ್ಯತ್ಯಾಸವೇ ಪ್ರಾದೇಶಿಕ ಸಂಪರ್ಕದ ಫಲ. ತೆಂಕಿನ ಚೆಂಡೆ ಕೇರಳದ ಚೆಂಡೆಯ ಒಡಹುಟ್ಟು. ಬಡಗಿನ ಚೆಂಡೆಯ ಆಕಾರವೂ ನುಡಿಯೂ ಬೇರೆ. ಕಾರ್ಕಳ ತಾಲ್ಲೂಕಿನ ನಂದಳಿಕೆಯ ಕವಿ ಮುದ್ದಣನ 'ರತ್ನಾವತಿ ಕಲ್ಯಾಣ', 'ಕುಮಾರ ವಿಜಯ' ಪ್ರಸಂಗಗಳು ಈ ರಂಗಭೂಮಿಗೆ ಹಳೆಯ ಕಾವ್ಯದ ಘನತೆ ತಂದವು. ಯಕ್ಷಗಾನದ ಹಾಡುಗಾರಿಕೆ ಕರ್ನಾಟಕ ಸಂಗೀತದ ಕವಲೋ ಅಥವಾ ಸ್ವತಂತ್ರ ಪದ್ಧತಿಯೋ ಎಂಬ ಪ್ರಶ್ನೆಗೆ ಸ್ವತಂತ್ರವೆಂದೇ ವಾದಿಸಿದವರು ಕೋಟದ ಶಿವರಾಮ ಕಾರಂತರು. ಅವರ 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹಳೆಯ ಮಟ್ಟುಗಳನ್ನು ಹುಡುಕಿ ಉಳಿಸಲು ಹೊರಟ ಇದೇ ಕಾರಂತರು ತಮ್ಮ ಯಕ್ಷರಂಗ ಪ್ರಯೋಗಗಳಲ್ಲಿ ಮಾತನ್ನು ಕಳೆದು, ಹಿಮ್ಮೇಳಕ್ಕೆ ಪಿಟೀಲು ಮತ್ತು ಸ್ಯಾಕ್ಸೋಫೋನನ್ನು ಸೇರಿಸಿದರು. ಯಕ್ಷಗಾನವನ್ನು ಕೆಡಿಸಿದರೆಂದು ಒಂದು ಪಕ್ಷ, ಜಗತ್ತಿಗೆ ತಲುಪಿಸಿದರೆಂದು ಇನ್ನೊಂದು ಪಕ್ಷ. ಆ ಚರ್ಚೆ ಇನ್ನೂ ಮುಗಿದಿಲ್ಲ.

ಇನ್ನೊಂದು ತಿರುವು ತಂದವರು ಗುಂಡ್ಮಿ ಕಾಳಿಂಗ ನಾವಡರು. 1958ರಲ್ಲಿ ಹುಟ್ಟಿ 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಈ ಭಾಗವತರು ಹೊಸ ರಾಗಗಳನ್ನೂ ಹೊಸ ಮಟ್ಟುಗಳನ್ನೂ ರಂಗಕ್ಕೆ ತಂದು ಡೇರೆ ಮೇಳಗಳ ಕಾಲದಲ್ಲಿ ಜನರನ್ನು ಹುಚ್ಚೆಬ್ಬಿಸಿದರು. ಪ್ರಸಂಗದ ಸನ್ನಿವೇಶಕ್ಕಿಂತ ಭಾಗವತಿಕೆಯೇ ಮುಂದಾಯಿತು ಎಂದು ಹಿರಿಯರು ಆಕ್ಷೇಪಿಸಿದರೆ, ಆಟ ನೋಡುವುದನ್ನೇ ಬಿಟ್ಟಿದ್ದ ತರುಣರು ಮರಳಿ ಬಂದರು ಎಂದು ಅಭಿಮಾನಿಗಳು ಉತ್ತರಿಸಿದರು. ಎರಡೂ ನಿಜ. ಭಾಗವತರು ತಾವು ನಿಂತ ನೆಲವನ್ನು ಬಲ್ಲವರಾಗಿದ್ದಾಗ ಹೊಸತು ಹಳತರೊಳಗೆ ಸೇರಿಕೊಂಡಿತು. ಆ ತಳಹದಿಯಿಲ್ಲದೆ ಸಿನಿಮಾ ಧಾಟಿಯನ್ನು ಎತ್ತಿ ತಂದವರ ಕೈಯಲ್ಲಿ ತಾಳವೇ ಸಡಿಲಾಯಿತು. ಈ ಸಡಿಲಿಕೆಗೆ ಇಂದು ಹೊರಗಿನ ಒತ್ತಡಗಳೂ ಸೇರಿವೆ. ರಾತ್ರಿಯಿಡೀ ನಡೆಯುತ್ತಿದ್ದ ಆಟ ಅನೇಕ ಕಡೆ ಕಾಲಮಿತಿಗೆ ಇಳಿದಿದೆ. ಮುಂಜಾವಿನ ರಾಗಗಳಿಗೆ ಮುಂಜಾವೇ ಇಲ್ಲವಾದರೆ ಅವು ಕಲಿಯುವವರ ನೆನಪಿನಿಂದಲೂ ಜಾರುತ್ತವೆ.

ಊದುವವರು, ಬಾರಿಸುವವರು ಯಾರು

ಸಂಗೀತದ ಬೆರಕೆಯನ್ನು ರಾಗ ತಾಳಗಳ ಮಟ್ಟದಲ್ಲಷ್ಟೇ ನೋಡಿದರೆ ಅರ್ಧ ಸತ್ಯ ಮಾತ್ರ ಸಿಗುತ್ತದೆ. ನಮ್ಮಲ್ಲಿ ವಾದ್ಯಕ್ಕೆ ಜಾತಿಯೂ ಇತ್ತು, ಕೂಲಿಯೂ ಇತ್ತು. ಕರಾವಳಿಯಲ್ಲಿ ದೇವಸ್ಥಾನದ ವಾದ್ಯ ಸೇವೆ ಶೇರಿಗಾರ, ದೇವಾಡಿಗ ಮನೆತನಗಳ ಪಾರಂಪರಿಕ ವೃತ್ತಿ. ಉಂಬಳಿಯೋ ಪಡಿಯೋ ಅವರ ಜೀವನಾಧಾರವಾಗಿತ್ತು. ಆ ವ್ಯವಸ್ಥೆ ಮುರಿದಾಗ ನಾಗಸ್ವರ ಕಲಿಯುವ ಮಕ್ಕಳು ಕಡಿಮೆಯಾದರು. ಸ್ಯಾಕ್ಸೋಫೋನ್ ಈ ಮನೆತನಗಳಿಗೆ ಹೊಸ ಮಾರುಕಟ್ಟೆಯನ್ನೂ ಹೊಸ ಗೌರವವನ್ನೂ ಕೊಟ್ಟಿತು. ದೇವಸ್ಥಾನದ ಹೊರಪ್ರಾಕಾರದಲ್ಲಿ ನಿಲ್ಲುತ್ತಿದ್ದ ವಾದಕರು ಕಛೇರಿಯ ವೇದಿಕೆ ಏರಿದರು. ಈ ಬದಲಾವಣೆಯಿಂದ ನಾಗಸ್ವರಕ್ಕೆ ಪೆಟ್ಟು ಬಿದ್ದದ್ದು ನಿಜ. ಆದರೆ ಅದನ್ನು ನುಡಿಸುತ್ತಿದ್ದ ಕುಟುಂಬಗಳ ಮುಂದಿನ ಪೀಳಿಗೆ ಸಂಗೀತವನ್ನೇ ಬಿಟ್ಟುಹೋಗದಂತೆ ಹಿಡಿದು ನಿಲ್ಲಿಸಿದ್ದೂ ಅದೇ ವಾದ್ಯ.

ಕೊರಗ ಸಮುದಾಯದ ಕಥೆ ಹೆಚ್ಚು ಕಠೋರವಾದದ್ದು. ಅವರ ಡೋಲು ಮತ್ತು ಕೊಳಲಿಗೆ ಅದರದ್ದೇ ಸೊಗಸಿದೆ. ಆದರೆ ಅಜಲು ಪದ್ಧತಿಯ ಹೆಸರಿನಲ್ಲಿ ಕಂಬಳ, ಜಾತ್ರೆಗಳಲ್ಲಿ ಅವರಿಂದ ಡೋಲು ಬಾರಿಸಿಕೊಂಡದ್ದು ಕಲೆಯ ಮೇಲಿನ ಪ್ರೀತಿಯಿಂದಲ್ಲ, ಅಸ್ಪೃಶ್ಯತೆಯ ಬಲದಿಂದ. 2000ದಲ್ಲಿ ಕರ್ನಾಟಕ ಸರ್ಕಾರ ಕಾನೂನು ತಂದು ಅಜಲನ್ನು ನಿಷೇಧಿಸಿತು. ಪರಂಪರೆಯನ್ನು ಹಾಗೆಯೇ ಉಳಿಸಬೇಕು ಎಂದು ಹೇಳುವ ಮುನ್ನ ಆ ಪರಂಪರೆ ಯಾರ ಹೆಗಲ ಮೇಲೆ, ಯಾವ ಬೆಲೆಗೆ ನಿಂತಿತ್ತು ಎಂದು ಕೇಳಬೇಕು. ಇಂದು ಕೊರಗ ತರುಣರು ತಮ್ಮ ಇಚ್ಛೆಯಿಂದ, ತಮ್ಮ ಹೆಸರಿನಲ್ಲಿ ವೇದಿಕೆಯ ಮೇಲೆ ಡೋಲು ಬಾರಿಸಿದರೆ ಅದು ಹಳೆಯ ಡೋಲಾದರೂ ಅರ್ಥ ಸಂಪೂರ್ಣ ಹೊಸದು.

ಪಾಡ್ದನಗಳಿಗೆ ಒದಗಿದ ಸಂಕಟ ಮತ್ತೊಂದು ಬಗೆಯದು. ತೆಂಬರೆ ವಾದ್ಯದ ಜೊತೆ ಹಾಡುವ ದೈವದ ಪಾಡ್ದನ ನೇಮಕ್ಕೆ ಅಂಟಿಕೊಂಡಿರುವುದರಿಂದ ಉಳಿದಿದೆ. ನೇಜಿ ನೆಡುವಾಗ ಹೆಂಗಸರು ಹಾಡುತ್ತಿದ್ದ ಓಬೇಲೆ, ಕಬಿತಗಳಿಗೆ ಆ ಆಸರೆಯಿಲ್ಲ. ಗದ್ದೆಗಳು ಕಡಿಮೆಯಾದವು, ನಾಟಿಗೆ ಯಂತ್ರ ಬಂತು, ಹಾಡುವ ಸಂದರ್ಭವೇ ಹೋಯಿತು. ಸಿರಿ ಪಾಡ್ದನವನ್ನು ಉಜಿರೆ ಸಮೀಪದ ಮಾಚಾರಿನ ಗೋಪಾಲ ನಾಯ್ಕರ ಬಾಯಿಂದ 1990ರಲ್ಲಿ ಧ್ವನಿಮುದ್ರಿಸಿಕೊಂಡ ಫಿನ್ಲೆಂಡಿನ ವಿದ್ವಾಂಸ ಲೌರಿ ಹೊಂಕೊ 1998ರಲ್ಲಿ ಅದನ್ನು 15,683 ಸಾಲುಗಳ ಮಹಾಕಾವ್ಯವಾಗಿ ಪ್ರಕಟಿಸಿದರು. ಉಡುಪಿಯ ಎಂಜಿಎಂ ಕಾಲೇಜಿನ ಜಾನಪದ ಸಂಪನ್ಮೂಲ ಕೇಂದ್ರದ ನಂಟು ಆ ಕೆಲಸದ ಹಿಂದಿತ್ತು. ಇಲ್ಲಿನ ದನಿ ಜಗತ್ತಿಗೆ ಹೋದ ಬಗೆ ಇದು. ಹಿರಿಯಡ್ಕದ ಸಿರಿ ಜಾತ್ರೆಯಲ್ಲಿ ಅದು ಈಗಲೂ ಗ್ರಂಥವಲ್ಲ, ಮೈಮೇಲೆ ಬರುವ ಹಾಡು.

ಮಣಿಪಾಲದ ಗುಡ್ಡ, ಮೊಬೈಲಿನ ಪರದೆ

1953ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದ ಮೇಲೆ ಮಣಿಪಾಲದ ಬೋಳುಗುಡ್ಡ ದೇಶ ವಿದೇಶಗಳ ವಿದ್ಯಾರ್ಥಿಗಳ ಊರಾಯಿತು. ಅವರೊಂದಿಗೆ ರಾಕ್, ಜಾಝ್, ಹಿಪ್ ಹಾಪ್, ಕೊರಿಯಾದ ಪಾಪ್ ಎಲ್ಲವೂ ಬಂದವು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ 1973ರ ಸುಮಾರಿಗೆ ಬಡ ಕಪ್ಪು ತರುಣರ ಕೂಟಗಳಲ್ಲಿ ರೂಪುಗೊಂಡ ಹಿಪ್ ಹಾಪ್ ಇಂದು ಕನ್ನಡದಲ್ಲೂ ತುಳುವಿನಲ್ಲೂ ಮಾತಾಡುತ್ತಿದೆ. ಆದರೆ ಗುಡ್ಡದ ಮೇಲಿನ ಸಂಗೀತಕ್ಕೂ ಕೆಳಗಿನ ಉಡುಪಿಯ ಸಂಗೀತಕ್ಕೂ ಬಹುಕಾಲ ಕೊಡುಕೊಳೆ ಕಡಿಮೆ. ವಿದ್ಯಾರ್ಥಿಗಳು ನಾಲ್ಕೈದು ವರ್ಷಕ್ಕೆ ಹೊರಟುಹೋಗುತ್ತಾರೆ. ಅವರ ಬ್ಯಾಂಡುಗಳೂ ಅವರೊಂದಿಗೇ ಹೋಗುತ್ತವೆ. ಜನ ಪಕ್ಕಪಕ್ಕದಲ್ಲಿ ಬದುಕಿದ ಮಾತ್ರಕ್ಕೆ ಸಂಗೀತ ಬೆರೆಯುವುದಿಲ್ಲ. ಒಬ್ಬರ ಮನೆಯ ಕಾರ್ಯಕ್ಕೆ ಇನ್ನೊಬ್ಬರ ವಾದ್ಯ ಬೇಕಾದಾಗ ಬೆರೆಯುತ್ತದೆ.

ಆ ಕೊಡುಕೊಳೆಯನ್ನು ಕಳೆದ ದಶಕದಲ್ಲಿ ಮಾಡಿಸಿದ್ದು ಸಿನಿಮಾ. ಮಲ್ಪೆಯ ಹಿನ್ನೆಲೆಯ 2014ರ 'ಉಳಿದವರು ಕಂಡಂತೆ' ಹುಲಿವೇಷದ ಲಯವನ್ನು ರಾಜ್ಯಕ್ಕೆಲ್ಲ ಕೇಳಿಸಿತು. 2022ರ 'ಕಾಂತಾರ' ದೈವಾರಾಧನೆಯ ದನಿಗಳನ್ನು ದೇಶದಾಚೆಗೂ ಒಯ್ದಿತು. ಅದೇ ಚಿತ್ರದ ಹಾಡೊಂದು ತಮ್ಮ ಹಾಡನ್ನು ಹೋಲುತ್ತದೆಂದು ಕೇರಳದ ಬ್ಯಾಂಡೊಂದು ನ್ಯಾಯಾಲಯಕ್ಕೆ ಹೋಯಿತು. ಹಾಡು ಕೆಲಕಾಲ ಪ್ರಸಾರದಿಂದ ಹೊರಗುಳಿಯಿತು. ಆ ವ್ಯಾಜ್ಯದ ಗುಣದೋಷ ನ್ಯಾಯಾಲಯಕ್ಕೆ ಬಿಟ್ಟದ್ದು. ಅದು ಎತ್ತಿ ತೋರಿಸಿದ ತಾರತಮ್ಯ ಮಾತ್ರ ನಮ್ಮೆಲ್ಲರದು. ಹಾಡಿಗೆ ಬ್ಯಾಂಡ್ ಒಡೆಯನಾದರೆ ಕಾನೂನಿದೆ. 1957ರ ಕೃತಿಸ್ವಾಮ್ಯ ಕಾಯ್ದೆ ಕರ್ತೃವಿನ ಮರಣಾನಂತರ 60 ವರ್ಷ ಅವನ ಹಕ್ಕನ್ನು ಕಾಯುತ್ತದೆ. ಪಾಡ್ದನಕ್ಕೆ ಕರ್ತೃವಿಲ್ಲ. ಅದರ ಧಾಟಿಯಿಂದ ಕೋಟಿ ದುಡಿದರೂ ಹಾಡಿ ಉಳಿಸಿದ ಸಮುದಾಯಕ್ಕೆ ಒಂದು ರೂಪಾಯಿ ಕೊಡಬೇಕಾದ ಕಟ್ಟುಪಾಡು ಇಲ್ಲ.

ಮೆರವಣಿಗೆಗಳಲ್ಲಿ ಈಚೆಗೆ ಕಾಣುವ ಬದಲಾವಣೆಯೂ ಗಮನಾರ್ಹ. ನಾಸಿಕ್ ಬ್ಯಾಂಡ್, ಕೇರಳದ ಚೆಂಡೆ ಬಳಗಗಳು ಬಂದವು. ಇವರು ಹೊರಗಿನವರಾದರೂ ನುಡಿಸುವ ಮನುಷ್ಯರು, ಅವರ ಪೆಟ್ಟನ್ನು ನೋಡಿ ನಮ್ಮ ಹುಡುಗರೂ ಕಲಿತು ತಂಡ ಕಟ್ಟಿದ್ದಾರೆ. ಅವುಗಳ ಬೆನ್ನಿಗೆ ಬಂದ ಡಿಜೆ ಅಬ್ಬರದಲ್ಲಿ ಕಲಿಯಲು ಏನೂ ಇಲ್ಲ. ಧ್ವನಿವರ್ಧಕ ಬಾಡಿಗೆಗೆ ಸಿಕ್ಕರೆ ಸಾಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಧ್ವನಿವರ್ಧಕಕ್ಕೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ತಡೆಯಿದೆ. ವರ್ಷದಲ್ಲಿ 15 ದಿನಕ್ಕೆ ಮೀರದಂತೆ ಮಧ್ಯರಾತ್ರಿಯವರೆಗೆ ವಿನಾಯಿತಿ ನೀಡಲು ಅವಕಾಶವಿದೆ. ಚೆಂಡೆ ಮದ್ದಳೆಗಳ ಆಟಕ್ಕೂ ಡಿಜೆ ಲಾರಿಗೂ ಒಂದೇ ನಿಯಮ ಬಿಗಿದರೆ ಮೊದಲು ಸೊರಗುವುದು ಆಟವೇ.

ಬೆರಕೆಗೆ ಒಂದು ಅಳತೆ

ಶುದ್ಧತೆಯ ಪಕ್ಷದವರು ಹೇಳುವ ಒಂದು ಮಾತನ್ನು ತಳ್ಳಿಹಾಕುವಂತಿಲ್ಲ: ಒಮ್ಮೆ ಕಳೆದ ಮಟ್ಟು ಮತ್ತೆ ಸಿಗುವುದಿಲ್ಲ. ಪುರಂದರದಾಸರ ಧಾಟಿಗಳೇ ಅದಕ್ಕೆ ಸಾಕ್ಷಿ. ಬದಲಾವಣೆಯ ಪಕ್ಷದವರ ಮಾತೂ ಅಷ್ಟೇ ಗಟ್ಟಿ: ಬದಲಾಗದೆ ಉಳಿದ ಸಂಗೀತ ಎಲ್ಲಿಯೂ ಇಲ್ಲ, ಪಿಟೀಲಿಗೆ ಬಾಗಿಲು ಮುಚ್ಚಿದ್ದರೆ ಕರ್ನಾಟಕ ಸಂಗೀತ ಬಡವಾಗುತ್ತಿತ್ತು. ಈ ಪ್ರದೇಶದ ಅನುಭವವನ್ನು ಒಟ್ಟಾಗಿ ನೋಡಿದರೆ ಎರಡರ ನಡುವೆ ಒಂದು ಅಳತೆ ಸಿಗುತ್ತದೆ. ಬಂದ ವಾದ್ಯ ಇಲ್ಲಿನ ಪದ್ಧತಿಯನ್ನು ಕಲಿತಿತೇ? ಇಲ್ಲಿ ನುಡಿಸುವ ಕೈಗಳು ಹೆಚ್ಚಾದವೇ, ಕಡಿಮೆಯಾದವೇ? ಹಳತು ತನ್ನ ಪಾಡಿಗೆ ತಾನು ಕೇಳಿಸುವ ಒಂದು ಜಾಗವಾದರೂ ಉಳಿಯಿತೇ? ಸ್ಯಾಕ್ಸೋಫೋನ್ ಮೊದಲ ಎರಡು ಪ್ರಶ್ನೆಗಳಲ್ಲಿ ಗೆದ್ದಿದೆ, ಮೂರನೆಯದರಲ್ಲಿ ನಾಗಸ್ವರಕ್ಕೆ ಬಾಕಿ ಉಳಿಸಿಕೊಂಡಿದೆ. ಡಿಜೆ ಮೂರರಲ್ಲೂ ಸೋಲುತ್ತದೆ. ಪಡುಬಿದ್ರಿಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಢಕ್ಕೆಬಲಿ ಆರಾಧನೆಯಲ್ಲಿ, ವೈದ್ಯರೆಂದು ಕರೆಯಲ್ಪಡುವ ವಾದಕರ ಢಕ್ಕೆಯ ಜಾಗವನ್ನು ಬೇರಾವ ವಾದ್ಯವೂ ತೆಗೆದುಕೊಂಡಿಲ್ಲ. ಊರು ಮನಸ್ಸು ಮಾಡಿದರೆ ಒಂದು ದನಿಯನ್ನು ಹಾಗೆಯೇ ಇಟ್ಟುಕೊಳ್ಳಬಹುದು ಎಂಬುದಕ್ಕೆ ಅದು ನಿದರ್ಶನ.

ಆದ್ದರಿಂದ ನಿಷೇಧದಿಂದ ಆಗುವ ಪ್ರಯೋಜನ ಕಡಿಮೆ. ಕಲಿಕೆಯಿಂದ ಆಗುವುದು ಹೆಚ್ಚು. ಉಡುಪಿ ಪರಿಸರದ ಹತ್ತಾರು ಪ್ರೌಢಶಾಲೆಗಳಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ ಯಕ್ಷಗಾನ ಕಲಿಸುವ ವ್ಯವಸ್ಥೆ ಬೇರೂರಿದೆ. ನಾಗಸ್ವರ, ತೆಂಬರೆ, ಗುಮಟೆಗಳಿಗೂ ಅಂಥ ವ್ಯವಸ್ಥೆ ಬೇಕು. ಧ್ವನಿಮುದ್ರಿಸಿಟ್ಟ ಪಾಡ್ದನಗಳು ಸಂಶೋಧಕರ ಕಪಾಟಿನಿಂದ ಹಾಡಿದ ಸಮುದಾಯಗಳ ಮಕ್ಕಳಿಗೆ ಮರಳಿ ತಲುಪಬೇಕು. ಸಿನಿಮಾದವರು ಜನಪದ ಧಾಟಿಯನ್ನು ಬಳಸಿದಾಗ ಹಾಡಿದವರ ಹೆಸರನ್ನೂ ಸಂಭಾವನೆಯನ್ನೂ ಕೊಡುವುದನ್ನು ಕಾನೂನು ಬರುವವರೆಗೆ ಕಾಯದೆ ಪದ್ಧತಿಯಾಗಿ ಮಾಡಿಕೊಳ್ಳಬೇಕು. ಇವೆಲ್ಲಕ್ಕೂ ಮೊದಲು ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ. ಮುಂದಿನ ಉತ್ಸವಕ್ಕೋ ಮದುವೆಗೋ ವಾದ್ಯದವರನ್ನು ಗೊತ್ತುಮಾಡುವಾಗ ಸ್ಯಾಕ್ಸೋಫೋನಿನ ಜೊತೆಗೆ ಒಂದು ನಾಗಸ್ವರಕ್ಕೂ ವೀಳ್ಯ ಕೊಡೋಣ. ಧ್ವನಿವರ್ಧಕದ ಬಾಡಿಗೆಗೆ ತೆಗೆದಿಟ್ಟ ಹಣವನ್ನು ನುಡಿಸುವ ಮನುಷ್ಯರಿಗೆ ಕೊಡೋಣ.